ಹಬ್ಬದ ಮುಂಗಡ: ಕಾಫಿ ಸೀಮೆಯ ಒಂದು ಹಳೆಯ ಲೆಕ್ಕ



ಹಬ್ಬವು ಉಳ್ಳವರ ಮನೆಗೂ ಇಲ್ಲದವರ ಮನೆಗೂ ಒಂದೇ ತಿಥಿಯಂದು ಬರುತ್ತದೆ. ಆದರೆ ಇಲ್ಲದವರ ಮನೆಯಲ್ಲಿ ಸಂಭ್ರಮಕ್ಕಿಂತ ಮೊದಲು ಖರ್ಚು ಹೊಸ್ತಿಲು ದಾಟುತ್ತದೆ. ಮಕ್ಕಳಿಗೊಂದು ಅಂಗಿ, ತವರಿಗೆ ಬಂದ ಮಗಳಿಗೆ ರವಿಕೆ ಕಣ, ಒಂದು ದಿನದ ಮಟ್ಟಿಗಾದರೂ ಬೆಲ್ಲ ಮತ್ತು ಎಣ್ಣೆ. ಇಷ್ಟಕ್ಕೆ ಬೇಕಾದ ಹಣ ಎಲ್ಲಿಂದ ಬಂದಿತು, ಯಾರು ಕೊಟ್ಟರು, ಕೊಟ್ಟದ್ದನ್ನು ಯಾವ ಪುಸ್ತಕದಲ್ಲಿ ಬರೆದುಕೊಂಡರು ಎಂಬುದಕ್ಕೂ ಒಂದು ಇತಿಹಾಸವಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಮಲೆಗಳಲ್ಲಿ ಆ ಇತಿಹಾಸವು ಬೇರೆಡೆಗಿಂತ ಸ್ಪಷ್ಟವಾಗಿ ಕಾಣುವುದರಿಂದ ಪ್ರಕೃತ ಅದನ್ನೇ ತಮ್ಮ ಮುಂದೆ ಇಡಬಯಸುತ್ತೇವೆ.

ಮೊದಲು ಈ ಸೀಮೆಯ ಋತುಮಾನವನ್ನು ಗಮನಿಸಬೇಕು. ಬಯಲುಸೀಮೆಯಲ್ಲಿ ಸಂಕ್ರಾಂತಿಯು ಸುಗ್ಗಿಯ ಬೆನ್ನಿಗೆ ಬರುತ್ತದೆ; ಕಣದಲ್ಲಿ ರಾಶಿ ಬಿದ್ದ ಮೇಲೆ ಎಳ್ಳು ಬೀರುತ್ತಾರೆ. ಕಾಫಿ ಸೀಮೆಯಲ್ಲಿ ದೊಡ್ಡ ಹಬ್ಬಗಳೆಲ್ಲ ದುಡಿಮೆಯ ಫಲಕ್ಕಿಂತ ಮುಂಚಿತವಾಗಿಯೇ ಬಂದುಹೋಗುತ್ತವೆ. ನಾಗರಪಂಚಮಿ, ವರಮಹಾಲಕ್ಷ್ಮಿ, ಗೌರಿ ಗಣೇಶ ಹಬ್ಬಗಳು ಬರುವುದು ಜಡಿಮಳೆಯ ಕಾಲದಲ್ಲಿ. ಆಗ ತೋಟದಲ್ಲಿ ಕೆಲಸ ಕಡಿಮೆ, ಕೂಲಿಯೂ ಕಡಿಮೆ. ಮಲೆನಾಡಿಗರು ದೊಡ್ಡಹಬ್ಬವೆಂದು ಕರೆಯುವ ದೀಪಾವಳಿ ಮುಗಿದ ಮೇಲಷ್ಟೇ ಅರೇಬಿಕಾ ಹಣ್ಣಿನ ಕೊಯ್ಲು ಭರದಿಂದ ಆರಂಭವಾಗುತ್ತದೆ, ರೊಬಸ್ಟಾ ಅದಕ್ಕೂ ತಡ. ಹೀಗೆ ಕೂಲಿಯವನ ಮನೆಗೆ ಹಣ ಅತ್ಯಂತ ಅಗತ್ಯವಾದಾಗ ಅವನ ಕೈ ಬರಿದಾಗಿರುತ್ತದೆ. ತೋಟದ ಒಡೆಯನಿಗಾದರೋ ಇನ್ನೊಂದು ತಿಂಗಳಲ್ಲಿ ಆಳುಗಳು ತಪ್ಪದೆ ಬೇಕು. ಈ ಎರಡು ಅಗತ್ಯಗಳು ಸಂಧಿಸಿದ ಸ್ಥಳದಲ್ಲಿ ಹುಟ್ಟಿದ್ದೇ ಮುಂಗಡ.

ಬಾಬಾಬುಡನ್ ಏಳು ಕಾಫಿ ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದರೆಂಬ ಐತಿಹ್ಯವನ್ನು ತಾವೆಲ್ಲ ಬಲ್ಲಿರಿ. ಆ ಗಿಡವು ಬಹುಕಾಲ ಹಿತ್ತಿಲ ಗಿಡವಾಗಿಯೇ ಇತ್ತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕ್ಯಾನನ್ ಮೊದಲಾದ ಆಂಗ್ಲರು ಕಾಡು ಕಡಿಸಿ ತೋಟ ಹಾಕಿದಾಗ ಅದು ವ್ಯಾಪಾರದ ಬೆಳೆಯಾಯಿತು. ಅಷ್ಟು ದೊಡ್ಡ ತೋಟಗಳಿಗೆ ಸ್ಥಳೀಯ ಆಳುಗಳು ಸಾಲದೆ ಹೋದರು. ಘಟ್ಟದ ಕೆಳಗಿನ ತುಳುನಾಡಿನಿಂದಲೂ ತಮಿಳು ಸೀಮೆಯಿಂದಲೂ ಮೈಸೂರಿನ ಬಯಲು ಪ್ರದೇಶದಿಂದಲೂ ಕುಟುಂಬಗಳು ಮಲೆ ಹತ್ತಿದವು. ಅವರನ್ನು ಕರೆತಂದವನು ಮೇಸ್ತ್ರಿ. ಒಡೆಯನು ಮೇಸ್ತ್ರಿಗೆ ಮುಂಗಡ ಕೊಡುತ್ತಿದ್ದನು, ಮೇಸ್ತ್ರಿಯು ತನ್ನ ಪಾಲನ್ನಿಟ್ಟುಕೊಂಡು ಕೂಲಿಯವನಿಗೆ ಕೊಡುತ್ತಿದ್ದನು, ಕೂಲಿಯವನು ಅದನ್ನು ಹಬ್ಬಕ್ಕೋ ಮದುವೆಗೋ ಹಳೆಯ ಸಾಲಕ್ಕೋ ಸುರಿದು ಬರಿಗೈಯಲ್ಲಿ ತೋಟದ ಲೈನು ಸೇರುತ್ತಿದ್ದನು.

ಈ ಮುಂಗಡದ ಹಿಂದೆ ಕಾನೂನಿನ ದೊಣ್ಣೆಯೂ ಇತ್ತು. ಬ್ರಿಟಿಷ್ ಭಾರತದ 1859ನೆಯ ಇಸವಿಯ ಹದಿಮೂರನೆಯ ಕಾಯಿದೆಯ ಪ್ರಕಾರ ಮುಂಗಡ ಪಡೆದ ಕೆಲಸಗಾರನು ಕೆಲಸಕ್ಕೆ ಬಾರದಿದ್ದರೆ ಮ್ಯಾಜಿಸ್ಟ್ರೇಟನು ಹಣ ಹಿಂದಿರುಗಿಸುವಂತೆ ಅಥವಾ ಕೆಲಸ ಮಾಡಿ ತೀರಿಸುವಂತೆ ಆಜ್ಞಾಪಿಸಬಹುದಿತ್ತು. ಅದಕ್ಕೂ ತಪ್ಪಿದರೆ ಮೂರು ತಿಂಗಳವರೆಗೆ ಸೆರೆಮನೆ. ಸಾಲ ಕೊಟ್ಟವನ ಪಾಲಿಗೆ ಅದು ಸಿವಿಲ್ ವ್ಯವಹಾರವಾಗಿತ್ತು, ಪಡೆದವನ ಪಾಲಿಗೆ ಅಪರಾಧವಾಗಿತ್ತು. ದಕ್ಷಿಣದ ತೋಟದ ಸೀಮೆಗಳಲ್ಲಿ ಒಡೆಯರು ಈ ಕಾಯಿದೆಯನ್ನು ಬಹಳವಾಗಿ ನೆಚ್ಚಿದ್ದರು. 1925ರಲ್ಲಿ ಅದನ್ನು ರದ್ದುಗೊಳಿಸುವ ಶಾಸನವಾಗುವವರೆಗೆ ಆರು ದಶಕಗಳಿಗೂ ಮಿಕ್ಕಿ ಅದು ಬಾಳಿತು. ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1871ರಲ್ಲಿಯೂ 1894ರಲ್ಲಿಯೂ ತನ್ನ ಅನುಭವಗಳನ್ನು ಗ್ರಂಥಗಳಾಗಿ ಪ್ರಕಟಿಸಿದನು. ಅದೇ ಕಾಲದಲ್ಲಿ ಲೈನಿನಲ್ಲಿ ಬಾಳಿದವರ ಗ್ರಂಥವೆಂದರೆ ಮುಂಗಡದ ಪುಸ್ತಕದಲ್ಲಿ ಒತ್ತಿದ ಹೆಬ್ಬೆಟ್ಟು.

ಇದನ್ನೆಲ್ಲ ಪರಂಗಿಯವರ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮಲೆನಾಡಿನ ದೊಡ್ಡಮನೆಗಳಲ್ಲಿ ಕಾಫಿಗಿಂತ ಹಳೆಯದಾದ ಜೀತವಿತ್ತು. ಆ ದೊಡ್ಡಮನೆಗಳಲ್ಲಿ ಮಠದ ಭಕ್ತರ ಮನೆಗಳೂ ಇದ್ದವು. ಹಬ್ಬಕ್ಕೆಂದು ಕೊಟ್ಟ ಅಕ್ಕಿ, ಮಳೆಗಾಲಕ್ಕೆಂದು ಕೊಟ್ಟ ಕಂಬಳಿ, ಮಗಳ ಮದುವೆಗೆಂದು ಕೊಟ್ಟ ಹಣ ಎಲ್ಲವೂ ಲೆಕ್ಕಕ್ಕೆ ಏರುತ್ತಿದ್ದವು. ಕೂಲಿಯಲ್ಲಿ ಮುರಿದುಕೊಂಡು ಉಳಿದದ್ದು ಮುಂದಿನ ಹಬ್ಬಕ್ಕೆ ಸಾಲದೆ ಮತ್ತೆ ಸಾಲವಾಗುತ್ತಿತ್ತು. ತಂದೆ ತೀರಿಸದ್ದನ್ನು ಮಗ ದುಡಿದು ತೀರಿಸಬೇಕಾಗಿತ್ತು. ಕೊಟ್ಟವರೆಲ್ಲ ಕಟುಕರಾಗಿದ್ದರೆಂದು ನಾವು ಹೇಳುತ್ತಿಲ್ಲ. ಆಳುಮಕ್ಕಳ ಮನೆಯಲ್ಲಿ ಒಲೆ ಹೊತ್ತಿಲ್ಲವೆಂದು ಕೇಳಿ ಹಬ್ಬದ ದಿನ ತಾನೂ ಊಟ ಮಾಡದೆ ಕುಳಿತ ತಾಯಂದಿರು ಆ ಮನೆಗಳಲ್ಲಿ ಇದ್ದರು. ಆದರೆ ಅಡುಗೆಮನೆಯ ಕರುಣೆ ಪಡಸಾಲೆಯ ಪುಸ್ತಕವನ್ನು ಮುಟ್ಟಲಿಲ್ಲ. ಒಳಗೆ ಕೊಟ್ಟದ್ದನ್ನು ಹೊರಗೆ ಬರೆದುಕೊಂಡರು.

ಈ ಸಂದರ್ಭದಲ್ಲಿ ಕಲ್ಯಾಣದ ಒಂದು ಪ್ರಸಂಗ ನಮಗೆ ನೆನಪಾಗುತ್ತದೆ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರ ಕಾಯಕವೆಂದರೆ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಬಡ ದಂಪತಿಗಳಿಗೆ ನೆರವಾಗಲೆಂದು ಬಸವಣ್ಣನವರೇ ಬೇಕೆಂದು ಹೆಚ್ಚಾಗಿ ಚೆಲ್ಲಿಸಿದ್ದರೆಂದು ಕಥೆಯ ಒಂದು ಪಾಠ ಹೇಳುತ್ತದೆ. ಪತ್ನಿ ಲಕ್ಕಮ್ಮನವರು ಅದನ್ನು ಕಂಡೊಡನೆ, ಇದು ನಮ್ಮ ಕಾಯಕದ್ದಲ್ಲ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದರು. ಈ ಕಥೆಯನ್ನು ಲಕ್ಕಮ್ಮನವರ ನಿರಾಶೆಯ ಮಹಿಮೆಗಾಗಿ ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಕೊಡುವವನ ದೃಷ್ಟಿಯಿಂದ ಅದನ್ನು ಒಮ್ಮೆ ಓದಿ ನೋಡಿ. ಬಸವಣ್ಣನವರು ಕೈ ಎತ್ತಿ ಕೊಡಲಿಲ್ಲ, ಹೆಸರು ಬರೆಯಲಿಲ್ಲ, ಪಡೆಯುವವರಿಗೆ ತಿಳಿಯದಂತೆ ಕೊಡಲು ನೋಡಿದರು. ಅಷ್ಟು ನಾಜೂಕಾಗಿ ಕೊಟ್ಟದ್ದನ್ನೂ ಒಂದು ಬಡ ಕುಟುಂಬ ತೂಗಿ ನೋಡಿ ಹಿಂದಿರುಗಿಸಿತು. ಹಿಂದಿರುಗಿಸುವ ಸ್ವಾತಂತ್ರ್ಯ ಆ ಮನೆಗೆ ಇತ್ತು ಎಂಬುದು ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಲೈನಿನಲ್ಲಿದ್ದ ಕುಟುಂಬಕ್ಕೆ ಮುಂಗಡವನ್ನು ಬೇಡವೆನ್ನುವ ಸ್ವಾತಂತ್ರ್ಯ ಎಲ್ಲಿತ್ತು?

ಸ್ವಾತಂತ್ರ್ಯಾನಂತರ ಶಾಸನಗಳು ಬಂದವು. 1951ರ ತೋಟ ಕಾರ್ಮಿಕರ ಕಾಯಿದೆಯು ವಸತಿ, ಕುಡಿಯುವ ನೀರು, ವೈದ್ಯಕೀಯ ನೆರವುಗಳನ್ನು ಒಡೆಯನ ಔದಾರ್ಯದಿಂದ ಬಿಡಿಸಿ ಅವನ ಹೊಣೆಯನ್ನಾಗಿ ಮಾಡಿತು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು 1965ರ ಬೋನಸ್ ಕಾಯಿದೆ. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಬೋನಸ್ ಸಲ್ಲಬೇಕೆಂದು ಅದು ವಿಧಿಸಿತು. ಮಾರ್ಚಿಗೆ ವರ್ಷ ಮುಗಿಯುವ ತೋಟದಲ್ಲಿ ಆ ಅವಧಿ ನವೆಂಬರಿಗೆ ತೀರುತ್ತದೆ, ಅಂದರೆ ದೀಪಾವಳಿಯ ಆಸುಪಾಸಿಗೆ. ಹಬ್ಬದ ಹಣವು ಮೊಟ್ಟಮೊದಲ ಬಾರಿಗೆ ಸಾಲವಾಗಿಯೂ ಅಲ್ಲದೆ ಭಿಕ್ಷೆಯಾಗಿಯೂ ಅಲ್ಲದೆ ದುಡಿದವನ ಪಾಲಾಗಿ ಮನೆಗೆ ಬಂದಿತು. 1976ರ ಜೀತ ನಿರ್ಮೂಲನ ಕಾಯಿದೆಯಂತೂ ಜೀತದ ಸಾಲಗಳೆಲ್ಲ ಅಳಿದುಹೋದವೆಂದೇ ಸಾರಿತು.

ಆದರೆ ಇಪ್ಪತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆಗೆ ಬೋನಸ್ ಕಾಯಿದೆ ಸಾಮಾನ್ಯವಾಗಿ ಅನ್ವಯಿಸುತ್ತಿರಲಿಲ್ಲ. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವೇ. ಅಲ್ಲಿ ಹಬ್ಬದ ಹಣವು ಹಿಂದಿನಂತೆ ಸಾಹುಕಾರರ ಮನಸ್ಸನ್ನೇ ಅವಲಂಬಿಸಿತು. ಆ ಸಣ್ಣ ಬೆಳೆಗಾರನ ಪಾಡೂ ಸುಖದ್ದಾಗಿರಲಿಲ್ಲವೆಂಬುದನ್ನು ಹೇಳದಿದ್ದರೆ ನ್ಯಾಯವಾಗದು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿದಾಗಲೂ, 2000ದ ಅನಂತರದ ಮೂರು ನಾಲ್ಕು ವರ್ಷಗಳಲ್ಲಿ ಬೆಲೆ ಪಾತಾಳಕ್ಕಿಳಿದಾಗಲೂ, ಮುಂಗಡ ಕೊಡುತ್ತಿದ್ದ ಕೈಗಳೇ ಬ್ಯಾಂಕಿನ ಮುಂದೆ ಚಾಚಿದವು. ಸಾಲದ ನೋಟೀಸು ಬಂದ ಮನೆಯಲ್ಲಿ ಹಬ್ಬ ಹೇಗಿರುತ್ತದೆಂಬುದನ್ನು ಆ ವರ್ಷಗಳಲ್ಲಿ ಅನೇಕ ಬೆಳೆಗಾರ ಕುಟುಂಬಗಳು ಕಂಡುಂಡವು.

ಇನ್ನು 2019ರ ಶ್ರಾವಣಕ್ಕೆ ಬರೋಣ. ಆ ವರ್ಷ ವರಮಹಾಲಕ್ಷ್ಮಿ ವ್ರತವು ಆಗಸ್ಟ್ 9ರ ಶುಕ್ರವಾರ ಬಿದ್ದಿತ್ತು. 8 ಮತ್ತು 9ನೆಯ ತಾರೀಖುಗಳಂದು ಸುರಿದ ಮಳೆಗೆ ಮೂಡಿಗೆರೆ ಸೀಮೆಯ ಗುಡ್ಡಗಳು ಜರಿದವು. ಮಲೆಮನೆ, ಮಧುಗುಂಡಿ ಗ್ರಾಮಗಳಲ್ಲಿ ಮನೆ, ತೋಟ, ಗದ್ದೆಗಳು ಮಣ್ಣುಪಾಲಾದವು. ಕಳಸದ ಕಡೆ ಭದ್ರೆ ಉಕ್ಕಿ ಹೊರನಾಡಿಗೆ ಹೋಗುವ ಹೆಬ್ಬಾಳೆ ಸೇತುವೆ ಮುಳುಗಿತು. ಕಲಶ ಸ್ಥಾಪಿಸಬೇಕಾಗಿದ್ದ ದಿನ ಗೃಹಿಣಿಯರು ಮಕ್ಕಳನ್ನು ಕಂಕುಳಲ್ಲೆತ್ತಿಕೊಂಡು ಪರಿಹಾರ ಕೇಂದ್ರಗಳಿಗೆ ನಡೆದರು. ನಾಡಿನ ಎಲ್ಲ ಕಡೆಯಿಂದ ಅಕ್ಕಿ, ಬಟ್ಟೆ, ಹಾಸಿಗೆಗಳು ಬಂದವು. ಮಠಗಳೂ ಸಂಘಸಂಸ್ಥೆಗಳೂ ದುಡಿದವು. ಸರ್ಕಾರವು ತಕ್ಷಣದ ನೆರವಾಗಿ 10,000 ರೂಪಾಯಿಯನ್ನೂ ಪೂರ್ಣ ನಾಶವಾದ ಮನೆಗೆ 5 ಲಕ್ಷ ರೂಪಾಯಿಯನ್ನೂ ಘೋಷಿಸಿತು. ಆದರೆ ಗುಡ್ಡವೇ ಜರಿದುಹೋದ ಕುಟುಂಬಕ್ಕೆ ಮನೆ ಕಟ್ಟುವ ನೆಲ ಬೇಕಾಗಿತ್ತು, ದುಡಿಯುವ ಜಮೀನು ಬೇಕಾಗಿತ್ತು. ಆ ಕೆಲಸ ಕಚೇರಿಯ ಕಡತದ ವೇಗದಲ್ಲಿ ನಡೆಯಿತು. ಗೌರಿ ಹಬ್ಬದ ಹೊತ್ತಿಗೆ ಬಟ್ಟೆಯ ಮೂಟೆಗಳು ಅಗತ್ಯಕ್ಕಿಂತ ಹೆಚ್ಚಾಗುವುದು, ಮರುವರ್ಷದ ಗೌರಿಗೆ ಕೇಳುವವರೇ ಇಲ್ಲವಾಗುವುದು ಇಂತಹ ವಿಪತ್ತುಗಳ ಸಾಮಾನ್ಯ ಗತಿ. ಹಬ್ಬದ ಕಾಲದ ಕನಿಕರವು ಹಬ್ಬದೊಂದಿಗೇ ಮುಗಿಯುವುದಾದರೆ ಅದು ಆ ಕುಟುಂಬದ ಅಗತ್ಯಕ್ಕೆ ಹುಟ್ಟಿದ್ದೇ ಅಥವಾ ನಮ್ಮ ಹಬ್ಬದ ಸಮಾಧಾನಕ್ಕೆ ಹುಟ್ಟಿದ್ದೇ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಈ ಪತ್ರಿಕೆಯನ್ನು ಓದುವವರಲ್ಲಿ ತೋಟದ ಒಡೆಯರಿದ್ದೀರಿ, ಪ್ರಸಾದನಿಲಯದಲ್ಲಿ ಉಂಡು ಓದಿ ಮೇಲೆ ಬಂದವರೂ ಇದ್ದೀರಿ. ಕೆಲವರು ಎರಡೂ ಆಗಿದ್ದೀರಿ. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಹಳ್ಳಿಹಳ್ಳಿಯ ಭಕ್ತರಿಂದ ಭಿಕ್ಷೆಯೆತ್ತಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಹಾಗೆ ಉಂಡ ಮಗುವಿನ ಹೆಸರಿಗೆ ಬಾಕಿ ಎಂದು ಬರೆದ ಪುಸ್ತಕ ಯಾವ ಪ್ರಸಾದನಿಲಯದಲ್ಲಾದರೂ ಉಂಟೇ? ದಾಸೋಹಕ್ಕೂ ಮುಂಗಡಕ್ಕೂ ಇರುವ ಅಂತರವನ್ನು ತಮಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ಅದನ್ನು ತಾವು ಉಂಡು ತಿಳಿದಿದ್ದೀರಿ.

ಇಂದು ಲೈನು ಮನೆಗಳಲ್ಲಿ ಹಳೆಯ ತುಳು, ತಮಿಳು ಮಾತಿನ ಜೊತೆಗೆ ಅಸ್ಸಾಮಿ, ಬಂಗಾಳಿ ಮಾತುಗಳೂ ಕೇಳುತ್ತವೆ. ಎರಡು ಸಾವಿರ ಮೈಲಿಯಾಚೆಯಿಂದ ರೈಲಿನಲ್ಲಿ ಬಂದ ಈ ಕುಟುಂಬಗಳನ್ನು ಕರೆತರುವವನಿಗೆ ಈಗ ಮೇಸ್ತ್ರಿಯ ಬದಲು ಬೇರೆ ಹೆಸರಿರಬಹುದು. ರೈಲಿನ ಖರ್ಚು, ದಾರಿಯ ಖರ್ಚು, ಮೊದಲ ವಾರದ ದಿನಸಿ ಎಂದು ಅವರ ಲೆಕ್ಕವೂ ಸಾಲದಿಂದಲೇ ಆರಂಭವಾದರೆ ನೂರೈವತ್ತು ವರ್ಷದ ಹಳೆಯ ಪುಸ್ತಕವೇ ಹೊಸ ಹಾಳೆಯಲ್ಲಿ ಮುಂದುವರಿದಂತೆ. ಆದುದರಿಂದ ತೋಟವುಳ್ಳ ಭಕ್ತರಲ್ಲಿ ನಮ್ಮದೊಂದು ಕೋರಿಕೆ. ದೀಪಾವಳಿಗೆ ಮುನ್ನ ರೈಟರನ್ನು ಕರೆದು ಮುಂಗಡದ ಪುಸ್ತಕ ತರಿಸಿ ತಾವೇ ಓದಿರಿ. ಹಬ್ಬಕ್ಕೆಂದು ಕೊಟ್ಟದ್ದು ಯಾರ ಹೆಸರಿನಲ್ಲಾದರೂ ಸಾಲವಾಗಿ ಕುಳಿತಿದ್ದರೆ ಅದನ್ನು ಹೊಡೆದುಹಾಕಿಸಿ, ಹೊಡೆದುಹಾಕಿದ್ದೇವೆಂದು ಆ ಮನೆಯವರಿಗೆ ಅವರ ಮಾತಿನಲ್ಲಿ ತಿಳಿಯಹೇಳಿಸಿರಿ. ಅವರ ಹಬ್ಬ ಯಾವುದೆಂದೂ ಕೇಳಿರಿ. ಅಸ್ಸಾಮಿನವರ ಮಾಘ ಬಿಹು ನಮ್ಮ ಸಂಕ್ರಾಂತಿಯ ಹೊತ್ತಿಗೆ, ಹಣ್ಣಿನ ಕೊಯ್ಲಿನ ನಟ್ಟನಡುವೆ ಬರುತ್ತದೆ. ಅಂದು ಅವರಿಗೆ ರಜೆಯೂ ಬೇಕು, ರಜೆಯ ದಿನದ ಕೂಲಿಯೂ ಬೇಕು.