ಅಮೆರಿಕದ ಸಾಮಾಜಿಕ, ಆರ್ಥಿಕ ಅಸಮಾನತೆಯ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆಸ್ತಿ, ವರಮಾನ, ವಿದ್ಯೆ, ವಸತಿಗಳು ವರ್ಗ ಮತ್ತು ವರ್ಣಗಳಿಗನುಸಾರವಾಗಿ ಅಸಮವಾಗಿ ಹಂಚಿಹೋಗಿರುವ ಚರಿತ್ರೆ 17ನೆಯ ಶತಮಾನದ ವಸಾಹತುಗಳಿಂದಲೇ ಆರಂಭವಾಗುತ್ತದೆ. ಇಂದು ಆ ದೇಶದ ಕುಟುಂಬಗಳ ಒಟ್ಟು ಸಂಪತ್ತಿನಲ್ಲಿ ಸುಮಾರು ಶೇ. 30 ಭಾಗ ಅತಿ ಶ್ರೀಮಂತರಾದ ಶೇ. 1 ಮಂದಿಯ ಕೈಯಲ್ಲಿದೆ. ಕೆಳಗಿನ ಅರ್ಧದಷ್ಟು ಜನರಿಗೆ ಸೇರಿದ್ದು ಶೇ. 3ಕ್ಕೂ ಕಡಿಮೆ. ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯ ಪ್ರಕಾರ ಸಾಲ ಕಳೆದು ಉಳಿಯುವ ಆಸ್ತಿ ನಡುಮಟ್ಟದ ಬಿಳಿಯ ಕುಟುಂಬಕ್ಕೆ 2,85,000 ಡಾಲರ್, ಕಪ್ಪು ಕುಟುಂಬಕ್ಕೆ 44,900 ಡಾಲರ್. ದುಡಿದವನು ಮೇಲೆ ಬಂದೇ ಬರುತ್ತಾನೆ ಎಂಬ ನಂಬಿಕೆ ಅಮೆರಿಕನ್ನರಲ್ಲಿ ಬಹಳ ಗಟ್ಟಿ. ಆದರೆ ಯಾರಿಗೆ ಜಮೀನು, ಯಾರಿಗೆ ಸಾಲ, ಯಾರಿಗೆ ಪಿಂಚಣಿ ಎಂಬುದನ್ನು ಅಲ್ಲಿ ಬಹುಕಾಲ ಕಾಯಿದೆಗಳೇ ಗೊತ್ತುಮಾಡಿದವು. ಇಂದಿನ ಅಂತರದ ಬೇರುಗಳನ್ನು ಮೊದಲು ಆ ಕಾಯಿದೆಗಳಲ್ಲಿಯೇ ಹುಡುಕಬೇಕು.

ವರ್ಜೀನಿಯದ ಕಾಯಿದೆಗಳು

ತಂಬಾಕು ಬೆಳೆಯುತ್ತಿದ್ದ ವರ್ಜೀನಿಯ ವಸಾಹತಿನಲ್ಲಿ ಹಡಗಿನ ಖರ್ಚು ಕೊಟ್ಟು ಆಳೊಬ್ಬನನ್ನು ಕರೆತಂದವನಿಗೆ ತಲಾ 50 ಎಕರೆ ಭೂಮಿ ಸಿಗುತ್ತಿತ್ತು. ಹಣವಿದ್ದವರಿಗೆ ಆಳೂ ದಕ್ಕಿತು, ನೆಲವೂ ದಕ್ಕಿತು. ಹಾಗೆ ಬಂದವರಲ್ಲಿ ಹೆಚ್ಚಿನವರು ಕೆಲವು ವರ್ಷಗಳ ಕರಾರಿಗೆ ಒಳಪಟ್ಟ ಇಂಗ್ಲೆಂಡಿನ ಬಡವರು. 1619ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಅಲ್ಲಿಗೆ ತಂದಿಳಿಸಲಾಯಿತು. ಮೊದಲ ಕೆಲವು ದಶಕಗಳಲ್ಲಿ ಜೀತಕ್ಕೂ ಗುಲಾಮಗಿರಿಗೂ ನಡುವಿನ ಗೆರೆ ಅಷ್ಟು ಸ್ಪಷ್ಟವಾಗಿರಲಿಲ್ಲ. ಅದನ್ನು ಎಳೆದದ್ದು ವಸಾಹತಿನ ಶಾಸನಸಭೆ. ಇಂಗ್ಲೆಂಡಿನ ಸಂಪ್ರದಾಯದಲ್ಲಿ ಮಗುವಿನ ಸ್ಥಾನಮಾನ ತಂದೆಯಿಂದ ಬರುತ್ತಿತ್ತು. 1662ರ ಕಾಯಿದೆ ಅದನ್ನು ತಾಯಿಯಿಂದ ಎಂದು ಬದಲಿಸಿತು. ಗುಲಾಮ ಹೆಣ್ಣಿಗೆ ಯಜಮಾನನಿಂದಲೇ ಹುಟ್ಟಿದ ಮಗುವೂ ಇದರಿಂದ ಅವನ ಆಸ್ತಿಪಟ್ಟಿಗೆ ಸೇರಿತು.

1676ರಲ್ಲಿ ತೋಟದೊಡೆಯ ನಥಾನಿಯಲ್ ಬೇಕನ್ ವಸಾಹತಿನ ಗವರ್ನರನ ವಿರುದ್ಧ ಎಬ್ಬಿಸಿದ ದಂಗೆಯಲ್ಲಿ ಬಿಳಿಯ ಜೀತದಾಳುಗಳೂ ಕಪ್ಪು ಗುಲಾಮರೂ ಒಟ್ಟಾಗಿ ಆಯುಧ ಹಿಡಿದರು; ರಾಜಧಾನಿ ಜೇಮ್ಸ್‌ಟೌನ್ ಸುಟ್ಟುಹೋಯಿತು. ಮುಂದಿನ ದಶಕಗಳಲ್ಲಿ ತೋಟದೊಡೆಯರು ಬಿಳಿಯ ಆಳುಗಳನ್ನು ಬಿಟ್ಟು ಆಫ್ರಿಕನ್ ಗುಲಾಮರನ್ನೇ ನೆಚ್ಚಿಕೊಂಡರು. 1705ರ ಕಾಯಿದೆಯ ಪ್ರಕಾರ ಕರಾರು ಮುಗಿಸಿದ ಬಿಳಿಯ ಗಂಡಾಳಿಗೆ ಮೆಕ್ಕೆಜೋಳ, 30 ಷಿಲಿಂಗ್ ಬೆಲೆಯ ಹಣ ಅಥವಾ ಸಾಮಾನು ಮತ್ತು ಒಂದು ಬಂದೂಕು ಕೊಡಬೇಕಾಗಿತ್ತು. ಗುಲಾಮರು ಸಾಕಿಕೊಂಡಿದ್ದ ಕುದುರೆ, ದನ, ಹಂದಿಗಳನ್ನು ಅದೇ ಕಾಯಿದೆ ಕಿತ್ತುಕೊಂಡು ಮಾರಿಸಿ, ಬಂದ ಹಣವನ್ನು ಊರಿನ ಬಡವರಿಗೆ ಕೊಡಿಸಿತು. ಒಟ್ಟಿಗೆ ಬಂಡೆದ್ದಿದ್ದ ಎರಡು ಬಡ ಸಮುದಾಯಗಳನ್ನು ಒಡೆದ ಬಗೆಯನ್ನು ಇಷ್ಟು ನಿಚ್ಚಳವಾಗಿ ತೋರಿಸುವ ದಾಖಲೆಗಳು ಕಡಿಮೆ.

ಯಾರ ನೆಲ, ಯಾರಿಗೆ

1793ರಲ್ಲಿ ಹತ್ತಿ ಬಿಡಿಸುವ ಯಂತ್ರ ಬಂದ ಮೇಲೆ ದಕ್ಷಿಣದಲ್ಲಿ ಹತ್ತಿಯ ಬೆಳೆಗೆ ಮಿತಿಯಿಲ್ಲದಂತಾಯಿತು. ಅದಕ್ಕೆ ಬೇಕಾದ ನೆಲ ಮೂಲನಿವಾಸಿಗಳದು. 1830ರ ಕಾಯಿದೆಯ ಬಲದಿಂದ ಅವರನ್ನು ಮಿಸಿಸಿಪ್ಪಿ ನದಿಯ ಆಚೆಗೆ ಅಟ್ಟಲಾಯಿತು; 1838–39ರಲ್ಲಿ ಹೊರದಬ್ಬಿಸಿಕೊಂಡ ಚೆರೋಕಿ ಜನರಲ್ಲಿ ಸಾವಿರಾರು ಮಂದಿ ಶಿಬಿರಗಳಲ್ಲಿ, ದಾರಿಯಲ್ಲಿ ಸತ್ತರು. ಆ ನೆಲಕ್ಕೆ ದುಡಿಮೆ ಗುಲಾಮರದು. 1860ರ ಹೊತ್ತಿಗೆ ಅವರ ಸಂಖ್ಯೆ ಸುಮಾರು 40 ಲಕ್ಷ. ಮಾರುಕಟ್ಟೆಯ ಲೆಕ್ಕದಲ್ಲಿ ಅವರ ಮೇಲಿನ ಬಂಡವಾಳ ದೇಶದ ರೈಲುಮಾರ್ಗ, ಕಾರ್ಖಾನೆಗಳ ಒಟ್ಟು ಬಂಡವಾಳವನ್ನು ಮೀರಿತ್ತು.

ಉತ್ತರ ಮತ್ತು ದಕ್ಷಿಣದ ರಾಜ್ಯಗಳ ಅಂತರ್ಯುದ್ಧದ ನಡುವೆ, 1862ರಲ್ಲಿ, ಎರಡು ಕಾಯಿದೆಗಳು ಬಂದವು. ಏಪ್ರಿಲ್‌ನಲ್ಲಿ ವಾಷಿಂಗ್ಟನ್ ನಗರದ ಗುಲಾಮರನ್ನು ಬಿಡುಗಡೆ ಮಾಡಿದಾಗ ಸರ್ಕಾರ ತಲೆಗೆ 300 ಡಾಲರ್‌ವರೆಗೆ ಪರಿಹಾರ ಕೊಟ್ಟಿತು, ಪಡೆದವರು ಮಾಲೀಕರು. ಬಿಡುಗಡೆಯಾದವರು ದೇಶ ಬಿಟ್ಟು ಹೋಗಲು ಒಪ್ಪಿದರೆ ಮಾತ್ರ 100 ಡಾಲರ್‌ವರೆಗೆ ಸಹಾಯಧನವಿತ್ತು. ಮೇ ತಿಂಗಳ ಹೋಮ್‌ಸ್ಟೆಡ್ ಕಾಯಿದೆ, ಐದು ವರ್ಷ ನೆಲೆನಿಂತು ಉಳುಮೆ ಮಾಡಿದವರಿಗೆ ಅಲ್ಪ ಶುಲ್ಕಕ್ಕೆ 160 ಎಕರೆ ಕೊಡುವ ವ್ಯವಸ್ಥೆ ಮಾಡಿತು. ಕಾಲಕ್ರಮದಲ್ಲಿ ಸುಮಾರು 16 ಲಕ್ಷ ಅರ್ಜಿದಾರರಿಗೆ 27 ಕೋಟಿ ಎಕರೆ ಹಂಚಿಕೆಯಾಯಿತು, ಎಂದರೆ ದೇಶದ ನೆಲದ ಹತ್ತನೆಯ ಒಂದು ಭಾಗ. ಪಡೆದವರಲ್ಲಿ ಬಹುಪಾಲು ಬಿಳಿಯರು; ಯುರೋಪಿನಿಂದ ಆಗತಾನೆ ಬಂದು ಪೌರತ್ವ ಬಯಸಿದವರೂ ಅವರಲ್ಲಿದ್ದರು.

ಕಪ್ಪು ಜನರಿಗೂ ಭೂಮಿ ಸಿಗುವ ಒಂದು ಗಳಿಗೆ ಬಂದಿತ್ತು. 1865ರ ಜನವರಿಯಲ್ಲಿ ಉತ್ತರದ ಸೇನೆಯ ಜನರಲ್ ಷೆರ್ಮನ್ ಜಾರ್ಜಿಯದ ಸವಾನಾ ನಗರದಲ್ಲಿ ಇಪ್ಪತ್ತು ಮಂದಿ ಕಪ್ಪು ಧರ್ಮಬೋಧಕರನ್ನು ಕರೆಸಿ ನಿಮಗೇನು ಬೇಕೆಂದು ವಿಚಾರಿಸಿದ. ಅವರ ಪರವಾಗಿ ಮಾತಾಡಿದ ಗ್ಯಾರಿಸನ್ ಫ್ರೇಜಿಯರ್, ತಾನೇ ಹಣ ತೆತ್ತು ತನ್ನ ಮತ್ತು ಹೆಂಡತಿಯ ಬಿಡುಗಡೆ ಪಡೆದಿದ್ದ ಹಿರಿಯ, ನಮಗೆ ನೆಲ ಬೇಕು ಎಂದ. ನಾವೇ ದುಡಿದು ಬದುಕುತ್ತೇವೆ, ಮುಂದೆ ಕೊಂಡುಕೊಳ್ಳುತ್ತೇವೆ ಎಂದೂ ಹೇಳಿದ. ನಾಲ್ಕು ದಿನಗಳಲ್ಲಿ ಷೆರ್ಮನ್‌ನ ಆದೇಶ ಹೊರಬಿತ್ತು: ದಕ್ಷಿಣ ಕೆರೊಲಿನ, ಜಾರ್ಜಿಯ, ಫ್ಲಾರಿಡಗಳ ಕರಾವಳಿಯಲ್ಲಿ ಕುಟುಂಬಕ್ಕೆ 40 ಎಕರೆಯವರೆಗೆ. ಬೇಸಗೆಯೊಳಗೆ ಸುಮಾರು 40,000 ಜನ ಅಲ್ಲಿ ಉಳುಮೆ ಆರಂಭಿಸಿದ್ದರು. ಲಿಂಕನ್ ಹತ್ಯೆಯ ನಂತರ ಅಧ್ಯಕ್ಷನಾದ ಆಂಡ್ರೂ ಜಾನ್ಸನ್ ಆ ನೆಲವನ್ನೆಲ್ಲ ಹಳೆಯ ಒಡೆಯರಿಗೆ ಮರಳಿಸಲು ಆಜ್ಞೆ ಮಾಡಿದ. ಅಕ್ಟೋಬರ್‌ನಲ್ಲಿ ಈ ಸುದ್ದಿಯನ್ನು ಎಡಿಸ್ಟೊ ದ್ವೀಪದ ಚರ್ಚಿನಲ್ಲಿ ಕೂಡಿದ್ದ ಜನಕ್ಕೆ ತಿಳಿಸುವ ಕೆಲಸ ವಿಮುಕ್ತ ಗುಲಾಮರ ಇಲಾಖೆಯ ಮುಖ್ಯಸ್ಥ ಜನರಲ್ ಹೊವರ್ಡ್ ಪಾಲಿಗೆ ಬಂತು. ಅಲ್ಲಿನವರು ಬರೆದ ಮನವಿ ಪತ್ರ ಉಳಿದುಬಂದಿದೆ. ಬಿಟ್ಟಿ ಬೇಡ, ಈ ನೆಲವನ್ನು ಕೊಳ್ಳಲು ಅವಕಾಶ ಕೊಡಿ ಎಂಬುದು ಅವರ ಬೇಡಿಕೆ. ಅದೂ ಈಡೇರಲಿಲ್ಲ. ಅಮೆರಿಕದ ಅಸಮಾನತೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವನ್ನು ತೋರಿಸುವುದು ಕಷ್ಟ.

ನೆಲವಿಲ್ಲದವರಿಗೆ ಉಳಿದದ್ದು ಕೋರು ಬೇಸಾಯ. ಬೆಳೆದ ಹತ್ತಿಯಲ್ಲಿ ಅರ್ಧ ಜಮೀನ್ದಾರನಿಗೆ ಸಲ್ಲುತ್ತಿತ್ತು. ಬಿತ್ತನೆ ಬೀಜ, ಹಿಟ್ಟು, ಬಟ್ಟೆ ಅವನ ಅಂಗಡಿಯಿಂದಲೇ ಸಾಲಕ್ಕೆ ಬರುತ್ತಿದ್ದವು. ವರ್ಷದ ಕೊನೆಗೆ ಲೆಕ್ಕ ಬರೆಯುವವನೂ ಅವನೇ. ಬಡ ಬಿಳಿಯರೂ ದೊಡ್ಡ ಸಂಖ್ಯೆಯಲ್ಲಿ ಈ ಸಾಲಕ್ಕೆ ಸಿಕ್ಕಿಬಿದ್ದರು. ಮತ ಹಾಕಲು ತೆರಬೇಕಾಗಿದ್ದ ತಲೆಗಂದಾಯ ಅವರನ್ನೂ ಮತಗಟ್ಟೆಯಿಂದ ದೂರವಿಟ್ಟಿತು. ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಮಾಡಿದರೂ ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆಗೆ ಎಡೆಕೊಟ್ಟಿತ್ತು. ಕೆಲಸವಿಲ್ಲದೆ ಅಲೆಯುವುದೇ ಅಪರಾಧವೆಂದು ಸಾರಿ, ಸಿಕ್ಕವರನ್ನು ಗಣಿಗಳಿಗೆ, ತೋಟಗಳಿಗೆ ಬಾಡಿಗೆಗೆ ಕೊಡುವ ಪದ್ಧತಿ ದಕ್ಷಿಣದ ರಾಜ್ಯಗಳಲ್ಲಿ ಬೆಳೆಯಿತು. ಇತ್ತ ಮೂಲನಿವಾಸಿಗಳ ಸಾಮುದಾಯಿಕ ಭೂಮಿಯನ್ನು ತುಂಡು ಮಾಡಿದ 1887ರ ಡಾಸ್ ಕಾಯಿದೆಯ ಫಲವಾಗಿ ಅವರ ನೆಲ 13.8 ಕೋಟಿ ಎಕರೆಯಿಂದ 1934ರ ವೇಳೆಗೆ 4.8 ಕೋಟಿಗೆ ಇಳಿಯಿತು.

ಕಾರ್ಖಾನೆಗಳ ಯುಗ

19ನೆಯ ಶತಮಾನದ ಕೊನೆಗೆ ಉಕ್ಕು, ತೈಲ, ರೈಲುಗಳಿಂದ ಕಾರ್ನೆಗಿ, ರಾಕ್‌ಫೆಲರ್ ಮೊದಲಾದವರಲ್ಲಿ ಅಪಾರ ಸಂಪತ್ತು ಶೇಖರವಾಯಿತು. 1892ರಲ್ಲಿ ಪೆನ್ಸಿಲ್ವೇನಿಯದ ಕಾರ್ನೆಗಿ ಉಕ್ಕಿನ ಕಾರ್ಖಾನೆಯ ಮುಷ್ಕರವನ್ನು ಖಾಸಗಿ ಕಾವಲುಪಡೆ, ರಾಜ್ಯದ ಸೇನೆಗಳನ್ನು ತಂದು ಮುರಿಯಲಾಯಿತು. ವಲಸೆ ಬಂದ ದುಡಿಮೆಗಾರರಲ್ಲೂ ವರ್ಣ ನೋಡಲಾಗುತ್ತಿತ್ತು: 1882ರ ಕಾಯಿದೆ ಚೀನೀ ಕೂಲಿಕಾರರಿಗೆ ಬಾಗಿಲು ಮುಚ್ಚಿತು. ಭಾರತೀಯರಿಗೂ ಇದರ ಬಿಸಿ ತಟ್ಟಿದೆ: 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪೌರತ್ವಕ್ಕೆ ಅರ್ಹರಲ್ಲದವರು ಕ್ಯಾಲಿಫೋರ್ನಿಯದಲ್ಲಿ ಕೃಷಿಭೂಮಿ ಕೊಳ್ಳುವಂತಿರಲಿಲ್ಲ. ಇಂದು ಅಮೆರಿಕದಲ್ಲಿ ಉತ್ತಮ ಸ್ಥಿತಿಯಲ್ಲಿರುವ ಕನ್ನಡಿಗರಲ್ಲಿ ಹೆಚ್ಚಿನವರು ಓದಿದವರಿಗೆ, ಕುಶಲರಿಗೆ ಬಾಗಿಲು ತೆರೆದ 1965ರ ವಲಸೆ ಕಾಯಿದೆಯ ನಂತರ ಹೋದವರು. ಅವರ ಏಳಿಗೆಯನ್ನು ತೋರಿಸಿ ಕಪ್ಪು ಜನರನ್ನು ಹಳಿಯುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಮನೆ ಮತ್ತು ಶಾಲೆ

1929ರ ಮಹಾಕುಸಿತದ ತರುವಾಯ ಅಧ್ಯಕ್ಷ ರೂಸ್‌ವೆಲ್ಟ್ ತಂದ ಕಾರ್ಯಕ್ರಮಗಳು ಕೋಟ್ಯಂತರ ಜನರಿಗೆ ಆಸರೆಯಾದವು. ಆದರೆ 1935ರ ಸಾಮಾಜಿಕ ಭದ್ರತಾ ಕಾಯಿದೆ ಕೃಷಿಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಕಪ್ಪು ಕಾರ್ಮಿಕರಲ್ಲಿ ಹೆಚ್ಚಿನವರು ಆಗ ಮಾಡುತ್ತಿದ್ದುದು ಈ ಎರಡು ಕೆಲಸಗಳನ್ನೇ. ಮನೆಸಾಲಕ್ಕೆ ಸರ್ಕಾರದ ಖಾತರಿ ಕೊಡಲು 1934ರಲ್ಲಿ ಹುಟ್ಟಿದ ಫೆಡರಲ್ ವಸತಿ ಆಡಳಿತ, ಕಪ್ಪು ಜನರಿರುವ ಬಡಾವಣೆಗಳನ್ನು ಅಪಾಯದ ಜಾಗಗಳೆಂದು ಪರಿಗಣಿಸಿತು; ಇಂಥ ಪ್ರದೇಶಗಳಿಗೆ ಕೆಂಪು ಬಳಿದ ನಕಾಶೆಗಳನ್ನು ಸರ್ಕಾರದ ಇನ್ನೊಂದು ಸಂಸ್ಥೆ ಆ ದಶಕದಲ್ಲೇ ಸಿದ್ಧಪಡಿಸಿತ್ತು.

ಡೆಟ್ರಾಯಿಟ್‌ನಲ್ಲಿ ಇದರ ಕುರುಹೊಂದು ಇನ್ನೂ ನಿಂತಿದೆ. ಕಪ್ಪು ಜನರ ಕೇರಿಯ ಪಕ್ಕದಲ್ಲಿ ಬಿಳಿಯರಿಗಾಗಿ ಮನೆ ಕಟ್ಟಹೊರಟ ಬಿಲ್ಡರ್ ಒಬ್ಬನಿಗೆ ಸಾಲದ ಖಾತರಿ ಸಿಗಲಿಲ್ಲ. 1941ರಲ್ಲಿ ಅವನು ಎರಡರ ನಡುವೆ ಆರು ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿದ, ಖಾತರಿ ಮಂಜೂರಾಯಿತು. ಯುದ್ಧದಿಂದ ಮರಳಿದ ಸೈನಿಕರಿಗೆ ನೆರವಾಗಲು 1944ರಲ್ಲಿ ಬಂದ ಕಾಯಿದೆಯ ಮಾತಿನಲ್ಲಿ ವರ್ಣದ ಹೆಸರಿರಲಿಲ್ಲ, ಸಾಲ ಕೊಡುವ ಬ್ಯಾಂಕುಗಳ ನಡವಳಿಕೆಯಲ್ಲಿ ಇತ್ತು. ಲಾಂಗ್ ಐಲೆಂಡಿನ ಲೆವಿಟೌನ್‌ನಲ್ಲಿ 17,000ಕ್ಕೂ ಹೆಚ್ಚು ಮನೆಗಳೆದ್ದವು. ಕಪ್ಪು ಸೈನಿಕರಿಗೆ ಒಂದನ್ನೂ ಮಾರಲಿಲ್ಲ. ನಡುಮಟ್ಟದ ಅಮೆರಿಕನ್ ಕುಟುಂಬಕ್ಕೆ ಮನೆಯೇ ಮುಖ್ಯ ಆಸ್ತಿ. ಆಗ ಅಗ್ಗಕ್ಕೆ ಮನೆ ಕೊಂಡವರ ಮಕ್ಕಳು ಅದರ ಬೆಲೆಯಲ್ಲಿ ಕಾಲೇಜು ಓದಿದರು, ಮೊಮ್ಮಕ್ಕಳು ಅದನ್ನು ಆಸ್ತಿಯಾಗಿ ಪಡೆದರು.

ಶಾಲೆಗಳ ಖರ್ಚಿನ ದೊಡ್ಡ ಭಾಗವೂ ಮನೆಗಂದಾಯದಿಂದ ಬರುವುದರಿಂದ ಬಡ ಬಡಾವಣೆಯ ಶಾಲೆ ಬಡವಾಗಿಯೇ ಉಳಿಯುತ್ತದೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದ ಎಡ್ಜ್‌ವುಡ್‌ನಲ್ಲಿ ಮೆಕ್ಸಿಕನ್ ಮೂಲದ ಜನ 1960ರ ದಶಕದಲ್ಲಿ ಪಕ್ಕದ ಅಲಮೊ ಹೈಟ್ಸ್‌ನವರಿಗಿಂತ ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುತ್ತಿದ್ದರು. ಆದರೂ ಅವರ ಮಕ್ಕಳಿಗೆ ತಲಾ 356 ಡಾಲರ್, ಅಲ್ಲಿನ ಮಕ್ಕಳಿಗೆ 594 ಡಾಲರ್ ದೊರೆಯುತ್ತಿತ್ತು. ಡಿಮೆಟ್ರಿಯೊ ರೊಡ್ರಿಗಸ್ ಮತ್ತಿತರ ಪೋಷಕರು ನ್ಯಾಯಾಲಯಕ್ಕೆ ಹೋದರು. ಶಿಕ್ಷಣ ಸಂವಿಧಾನದತ್ತ ಮೂಲಭೂತ ಹಕ್ಕಲ್ಲ ಎಂದು 1973ರಲ್ಲಿ ಸರ್ವೋಚ್ಚ ನ್ಯಾಯಾಲಯ 5–4ರ ಬಹುಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು.

1970ರ ನಂತರ

1964, 1965, 1968ರ ನಾಗರಿಕ ಹಕ್ಕು ಕಾಯಿದೆಗಳು ಬಹಿರಂಗ ಭೇದವನ್ನು ನಿಷೇಧಿಸಿದವು. ಆದರೆ ಬಾಗಿಲು ತೆರೆದ ಹೊತ್ತಿಗೇ ಕಾರ್ಖಾನೆಗಳು ಮುಚ್ಚತೊಡಗಿ ದುಡಿಯುವ ವರ್ಗವೆಲ್ಲ ಕುಸಿಯಿತು. 1950ರ ದಶಕದಲ್ಲಿ ಶೇ. 91ರಷ್ಟಿದ್ದ ವರಮಾನ ತೆರಿಗೆಯ ಗರಿಷ್ಠ ದರ 1988ಕ್ಕೆ ಶೇ. 28ಕ್ಕೆ ಇಳಿದಿತ್ತು. 1981ರಲ್ಲಿ ಅಧ್ಯಕ್ಷ ರೇಗನ್ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ವಜಾಮಾಡಿದ ಮೇಲೆ ಖಾಸಗಿ ಮಾಲೀಕರಿಗೂ ಮುಷ್ಕರ ಮುರಿಯುವ ಧೈರ್ಯ ಬಂತು. ಒಂದು ಕಾಲಕ್ಕೆ ಮೂವರಲ್ಲಿ ಒಬ್ಬ ಕಾರ್ಮಿಕ ಸಂಘದಲ್ಲಿದ್ದ. ಈಗ ಹತ್ತರಲ್ಲಿ ಒಬ್ಬ. 2009ರಲ್ಲಿ ಗಂಟೆಗೆ 7.25 ಡಾಲರ್‌ಗೆ ಏರಿದ ಫೆಡರಲ್ ಕನಿಷ್ಠ ಕೂಲಿ ಅನಂತರ ಒಂದೂವರೆ ದಶಕ ಕಳೆದರೂ ಏರಲಿಲ್ಲ.

ಹಳೆಯ ಅನ್ಯಾಯಕ್ಕೆ ಪರಿಹಾರ ಕೊಟ್ಟ ಉದಾಹರಣೆಯೂ ಇದೆ: ಎರಡನೆಯ ಮಹಾಯುದ್ಧದಲ್ಲಿ ಬಂಧನಶಿಬಿರಗಳಿಗೆ ತಳ್ಳಿದ್ದ ಜಪಾನಿ ಮೂಲದವರಲ್ಲಿ ಬದುಕಿದ್ದ ಪ್ರತಿಯೊಬ್ಬರಿಗೂ 1988ರ ಕಾಯಿದೆ 20,000 ಡಾಲರ್ ಪರಿಹಾರವನ್ನೂ ಕ್ಷಮಾಪಣೆಯನ್ನೂ ಕೊಟ್ಟಿತು. ಮರುವರ್ಷವೇ ಕಾಂಗ್ರೆಸ್ (ಸಂಸತ್ತು) ಸದಸ್ಯ ಜಾನ್ ಕಾನ್ಯರ್ಸ್, ಗುಲಾಮಗಿರಿಗೆ ಪರಿಹಾರ ಕೊಡುವ ಬಗ್ಗೆ ಅಧ್ಯಯನ ನಡೆಸಲು ಸಮಿತಿಯೊಂದನ್ನು ನೇಮಿಸುವ ಮಸೂದೆ ಮಂಡಿಸಿದರು. ಪರಿಹಾರ ಕೊಡಿ ಎಂದಲ್ಲ, ಅಧ್ಯಯನ ಮಾಡಿ ಎಂದಷ್ಟೇ ಅದು ಕೇಳುತ್ತದೆ. ಹಲವು ಬಾರಿ ಮತ್ತೆ ಮಂಡನೆಯಾಗಿ, 2021ರಲ್ಲಿ ಮೊದಲ ಸಲ ಸಮಿತಿಯ ಹಂತ ದಾಟಿದ ಆ ಮಸೂದೆ ಸದನದ ಮತಕ್ಕೆ ಬರಲಿಲ್ಲ.