ಬೊಜ್ಜಿನ ಕಾರಣ ಹುಡುಕಿದವರು

ಮೈ ದಪ್ಪಗಿರುವವರನ್ನು ಕಂಡರೆ ನಮ್ಮಲ್ಲಿ ತಟ್ಟನೆ ಬರುವ ಮಾತು ಒಂದೇ: ತಿನ್ನೋದು ಜಾಸ್ತಿ, ಮೈ ಬಗ್ಗಿಸೋದು ಕಮ್ಮಿ. ವೈದ್ಯಶಾಸ್ತ್ರವೂ ಬಹುಕಾಲ ಇದನ್ನೇ ಹೇಳಿತು. ಚರಕಸಂಹಿತೆ ಅತಿಯಾದ ಊಟ, ವ್ಯಾಯಾಮವಿಲ್ಲದ ಬದುಕು, ಹಗಲುನಿದ್ದೆಗಳ ಜೊತೆಗೆ ಬೀಜಸ್ವಭಾವವನ್ನೂ, ಅಂದರೆ ವಂಶಗುಣವನ್ನೂ, ಕಾರಣವೆಂದು ಎಣಿಸಿತ್ತು. ಜನ ಮೊದಲಿನವನ್ನು ನೆನಪಿಟ್ಟುಕೊಂಡು ಕೊನೆಯದನ್ನು ಮರೆತರು.

ಅಮೆರಿಕದ ವಿಲ್ಬರ್ ಆಟ್‌ವಾಟರ್ 1890ರ ದಶಕದಲ್ಲಿ ಮನುಷ್ಯರನ್ನು ಮುಚ್ಚಿದ ಕೋಣೆಯಲ್ಲಿ ದಿನಗಟ್ಟಲೆ ಇರಿಸಿ, ಒಳಹೋದ ಆಹಾರವನ್ನೂ ಹೊರಬಂದ ಶಾಖವನ್ನೂ ಅಳೆದರು. ಕ್ಯಾಲೊರಿಯ ಲೆಕ್ಕ ಗಟ್ಟಿಯಾಯಿತು. ಆದರೆ ಒಬ್ಬನಿಗೆ ಎರಡು ಮುದ್ದೆಗೇ ಸಾಕೆನಿಸಿ, ಇನ್ನೊಬ್ಬನಿಗೆ ನಾಲ್ಕು ಉಂಡರೂ ಹಸಿವು ಏಕೆ ಅಡಗದು ಎಂಬುದಕ್ಕೆ ಆ ಲೆಕ್ಕದಲ್ಲಿ ಉತ್ತರವಿಲ್ಲ.

ಉತ್ತರದ ಮೊದಲ ಸುಳಿವು ಮೆದುಳಿನಲ್ಲಿ ಸಿಕ್ಕಿತು. 1940ರಲ್ಲಿ ಹೆದರಿಂಗ್ಟನ್ ಮತ್ತು ರ‍್ಯಾನ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಮೆದುಳಿನ ಭಾಗವಾದ ಹೈಪೋಥಲಾಮಸ್‌ನಲ್ಲಿ ಸಣ್ಣ ಗಾಯ ಮಾಡಿದಾಗ ಅವು ವಿಪರೀತ ಕೊಬ್ಬಿದವು. 1951ರಲ್ಲಿ ಯೇಲ್‌ನಲ್ಲಿದ್ದ ಬಿ.ಕೆ. ಆನಂದ್, ಜಾನ್ ಬ್ರೋಬೆಕ್ ಜೊತೆಗೂಡಿ ಅದರ ಪಕ್ಕದ ಭಾಗವನ್ನು ನಾಶಮಾಡಿದರೆ ಇಲಿ ಊಟವನ್ನೇ ಬಿಡುತ್ತದೆಂದು ತೋರಿಸಿದರು. ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾಶಾಸ್ತ್ರ ವಿಭಾಗವನ್ನು ಕಟ್ಟಿದ ಈ ಆನಂದ್ ಅವರ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನಷ್ಟು ಕಾಣಬೇಕಿತ್ತು.

ಮೈಯಲ್ಲಿ ಕೊಬ್ಬು ಎಷ್ಟಿದೆಯೆಂದು ಮೆದುಳಿಗೆ ತಿಳಿಸುವವರು ಯಾರು? ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಹುಟ್ಟಿನಿಂದಲೇ ಕೊಬ್ಬುವ ಎರಡು ಬಗೆಯ ಇಲಿಗಳಿದ್ದವು. ಡಗ್ಲಸ್ ಕೋಲ್‌ಮನ್ ಒಂದೊಂದು ಬಗೆಯದನ್ನು ತಂದು, ರಕ್ತ ಹಂಚಿಕೊಳ್ಳುವಂತೆ ಜೋಡಿಸಿ ಹೊಲಿದರು. ಒಂದು ಬಗೆಯ ಇಲಿ ತಿನ್ನುವುದನ್ನು ನಿಲ್ಲಿಸಿ ಸತ್ತಿತು. ಜೊತೆಯದು ಕೊಬ್ಬುತ್ತಲೇ ಹೋಯಿತು. ಹಸಿವು ತಗ್ಗಿಸುವ ವಸ್ತುವೊಂದು ರಕ್ತದಲ್ಲಿದೆ, ಮೊದಲನೆಯದಕ್ಕೆ ಅದನ್ನು ತಯಾರಿಸಲು ಬಾರದು, ಎರಡನೆಯದಕ್ಕೆ ಗುರುತಿಸಲು ಬಾರದು ಎಂದು ಅವರು ತರ್ಕಿಸಿದರು. ಹಲವರು ನಂಬಲಿಲ್ಲ. 1994ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಆ ವಸ್ತುವಿನ ಜೀನನ್ನು ಪತ್ತೆಹಚ್ಚಿತು. ಲೆಪ್ಟಿನ್ ಎಂಬ ಆ ಹಾರ್ಮೋನನ್ನು ಸ್ರವಿಸುತ್ತಿದ್ದದ್ದು ಬರೀ ದಾಸ್ತಾನೆಂದು ತಿಳಿದಿದ್ದ ಕೊಬ್ಬೇ!

1997ರಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಒರಾಹಿಲಿ, ಸದಾಫ್ ಫಾರೂಕಿ ಮತ್ತು ಸಂಗಡಿಗರು ಲೆಪ್ಟಿನ್ ಇಲ್ಲದೆ ಹುಟ್ಟಿದ ಇಬ್ಬರು ಮಕ್ಕಳನ್ನು ವರದಿ ಮಾಡಿದರು. 8 ವರ್ಷದ ಹುಡುಗಿ 86 ಕೆ.ಜಿ. ಇದ್ದಳು. ಚುಚ್ಚುಮದ್ದಿನಲ್ಲಿ ಲೆಪ್ಟಿನ್ ಕೊಟ್ಟಾಗ ತೀರದ ಹಸಿವು ಇಳಿಯಿತು. ಆ ಮಗುವಿಗೆ ಬುದ್ಧಿ ಹೇಳಿದ್ದರೆ ಏನಾಗುತ್ತಿತ್ತು? ಇಂಥವರು ತೀರ ವಿರಳ, ನಿಜ. ದಪ್ಪಗಿರುವ ಹೆಚ್ಚಿನವರಲ್ಲಿ ಲೆಪ್ಟಿನ್ ಧಾರಾಳವಾಗಿಯೇ ಇದೆ; ಮೆದುಳು ಕಿವಿಗೊಡುವುದಿಲ್ಲ.

ವಂಶಗುಣದ ಬಲವನ್ನು ಕೆನಡಾದ ಕ್ಲೋಡ್ ಬುಶಾರ್ 1990ರಲ್ಲಿ ತೋರಿಸಿದರು. 12 ಜೋಡಿ ಅವಳಿಗಳಿಗೆ 84 ದಿನ, ದಿನಕ್ಕೆ ತಲಾ 1,000 ಕ್ಯಾಲೊರಿ ಹೆಚ್ಚಿಗೆ ಉಣ್ಣಿಸಿದಾಗ ಒಬ್ಬರು 4 ಕೆ.ಜಿ., ಮತ್ತೊಬ್ಬರು 13 ಕೆ.ಜಿ. ಏರಿದರು. ಒಂದೇ ಜೋಡಿಯ ಅವಳಿಗಳು ಮಾತ್ರ ಹೆಚ್ಚುಕಡಿಮೆ ಜೊತೆಜೊತೆಯಾಗಿಯೇ ಏರಿದರು.

ನಮ್ಮ ದೇಶದ ಕಥೆ ಗರ್ಭದಿಂದಲೇ ಶುರು. ಪುಣೆಯ ಚಿತ್ತರಂಜನ್ ಯಾಜ್ಞಿಕ್, ಭಾರತದ ಶಿಶುಗಳು ಸಣಕಲಾಗಿದ್ದರೂ ಕೊಬ್ಬಿನಲ್ಲಿ ಹಿಂದಿಲ್ಲವೆಂದು ಕಂಡುಕೊಂಡರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಅಳತೆಯೂ ಇದನ್ನೇ ಹೇಳಿತು. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22.3 ಇತ್ತು; ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ಭಾರತೀಯರಿಗೆ ಬಿಎಂಐ 23ರಿಂದಲೇ ಅಧಿಕ ತೂಕವೆಂದು ಎಣಿಸುವುದು ಇಂಥ ಕಾರಣಗಳಿಗಾಗಿ.

ಜೀನುಗಳು ಒಂದೆರಡು ತಲೆಮಾರಿನಲ್ಲಿ ಬದಲಾಗುವುದಿಲ್ಲ, ಬದಲಾದದ್ದು ಊಟ. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ 20 ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ಸಂಸ್ಕರಿಸಿದ ಆಹಾರ, ಎರಡು ವಾರ ಹೆಚ್ಚು ಸಂಸ್ಕರಿಸದ ಆಹಾರ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಮೊದಲನೆಯದನ್ನು ಉಂಡಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಒಳಹೋಯಿತು. ಈಗಿನ ಸೆಮಾಗ್ಲುಟೈಡ್ ಎಂಬ ಔಷಧ ಹಸಿವನ್ನೇ ತಗ್ಗಿಸಿ ತೂಕ ಇಳಿಸುತ್ತದೆ. ನಿಲ್ಲಿಸಿದರೆ ಇಳಿದದ್ದರಲ್ಲಿ ಬಹುಪಾಲು ಮರಳುತ್ತದೆ.

ಮನೆಯ ಹಿರಿಯರಲ್ಲಿ, ವೈದ್ಯರಲ್ಲಿ ಒಂದು ಕೇಳಿಕೆ: ದಪ್ಪಗಿರುವ ಮಗುವನ್ನು ನಾಲ್ಕು ಜನರ ಮುಂದೆ ತಟ್ಟೆ ತೋರಿಸಿ ಹಂಗಿಸಬೇಡಿ. ಮನೆಗೆ ಪೊಟ್ಟಣದ ತಿನಿಸು ತರುವುದನ್ನು ಕಡಿಮೆ ಮಾಡಿ, ಬೇಕಿದ್ದರೆ ತಪಾಸಣೆ ಮಾಡಿಸಿ.