ಸೊನ್ನೆ ಎಂಟು ಒಂದು ಐದು: ಕೋಲಾರ ಸೀಮೆಯ ದೂರವಾಣಿ ಮಾರುಕಟ್ಟೆ

ಅವಿಭಜಿತ ಕೋಲಾರ ಜಿಲ್ಲೆಯ ಸ್ಥಿರ ದೂರವಾಣಿಗಳಿಗೆ ಹಂಚಲಾದ ಎಸ್‌ಟಿಡಿ ಕೋಡುಗಳು, ಅಂದರೆ ಆಪರೇಟರ್‌ನ ನೆರವಿಲ್ಲದೆ ಹೊರ ಊರಿಗೆ ನೇರವಾಗಿ ಕರೆ ಮಾಡಲು ಮೊದಲು ಒತ್ತಬೇಕಾದ ಅಂಕಿಗಳು, 0815ರಿಂದ ಆರಂಭವಾಗಿ ಕೊನೆಯ ಒಂದು ಅಂಕಿಯಲ್ಲಿ ಮಾತ್ರ ಬೇರೆಯಾಗುತ್ತವೆ: ಮಾಲೂರಿಗೆ 1, ಕೋಲಾರಕ್ಕೆ 2, ಶ್ರೀನಿವಾಸಪುರಕ್ಕೆ 7, ಮುಳಬಾಗಿಲಿಗೆ 9. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದರೂ ಅದರ ತಾಲ್ಲೂಕುಗಳು ಇದೇ ಸರಣಿಯಲ್ಲಿ ಉಳಿದುದರಿಂದ, ಕಂದಾಯ ಇಲಾಖೆ ಕೈಬಿಟ್ಟ ಹಳೆಯ ಜಿಲ್ಲೆ ದೂರವಾಣಿಯ ಲೆಕ್ಕದಲ್ಲಿ ಇನ್ನೂ ಒಂದಾಗಿದೆ. ಇಡೀ ದೇಶವನ್ನು ಹೀಗೆ 2,600ಕ್ಕೂ ಹೆಚ್ಚು ಕಿರುದೂರ ವಲಯಗಳಾಗಿ, ಬಹುಮಟ್ಟಿಗೆ ತಾಲ್ಲೂಕನ್ನೇ ಅಳತೆಯಾಗಿಟ್ಟುಕೊಂಡು, ವಿಂಗಡಿಸಲಾಗಿತ್ತು. ಯಾವ ಕರೆ ಸ್ಥಳೀಯ, ಯಾವುದು ದೂರದ್ದು, ಯಾವುದಕ್ಕೆ ಎಷ್ಟು ಹಣ ಎಂಬುದನ್ನು ಈ ವಲಯಗಳೇ ನಿರ್ಧರಿಸುತ್ತಿದ್ದವು. ಆಂಧ್ರ ಮತ್ತು ತಮಿಳುನಾಡುಗಳ ಗಡಿಗೆ ತಾಗಿಕೊಂಡ, ಮದುವೆ ಸಂಬಂಧ, ಸಂತೆ, ವ್ಯಾಪಾರಗಳಲ್ಲಿ ಆ ಗಡಿಯನ್ನು ಎಂದೂ ಲೆಕ್ಕಿಸದ ಈ ಸೀಮೆಯಲ್ಲಿ ದೂರವಾಣಿಯ ಇತಿಹಾಸವೆಂದರೆ ಬಹುಪಾಲು ಇಂಥ ಗೆರೆಗಳು ಒಂದೊಂದಾಗಿ ಅಳಿಸಿಹೋದ ಇತಿಹಾಸ.

ಸ್ವಾತಂತ್ರ್ಯಾನಂತರ ದೇಶದ ಮೊದಲ ಸಾರ್ವಜನಿಕ ಉದ್ಯಮಗಳಲ್ಲಿ ಒಂದಾಗಿ 1948ರಲ್ಲಿ ಹುಟ್ಟಿದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ಇರುವುದು ಬೆಂಗಳೂರಿನಿಂದ ಕೋಲಾರ, ಮುಳಬಾಗಿಲುಗಳ ಕಡೆಗೆ ಸಾಗುವ ಹಳೆ ಮದ್ರಾಸು ರಸ್ತೆಯ ಬದಿಯ ದೂರವಾಣಿನಗರದಲ್ಲಿ. ದೇಶದ ಬಹುತೇಕ ದೂರವಾಣಿ ಉಪಕರಣಗಳು ಅಲ್ಲಿ ತಯಾರಾಗುತ್ತಿದ್ದರೂ ಅದೇ ರಸ್ತೆಯ ಮುಂದಿನ ಊರುಗಳಲ್ಲಿ ಮನೆಗೊಂದು ಫೋನು ಪಡೆಯಲು ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಿತ್ತು. ತಯಾರಕ, ಕೊಳ್ಳುವವ, ಸೇವೆ ಕೊಡುವವ, ದರ ಗೊತ್ತುಮಾಡುವವ ಎಲ್ಲವೂ ಸರ್ಕಾರವೇ ಆಗಿದ್ದ ಆ ವ್ಯವಸ್ಥೆ ದೂರವಾಣಿಯನ್ನು ಶ್ರೀಮಂತರ ಸೌಕರ್ಯವೆಂದೇ ಎಣಿಸಿತ್ತು. ಹೊರ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ, ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂಬ ಮೂರು ದರ್ಜೆಗಳಲ್ಲಿ ತನ್ನ ಅವಸರಕ್ಕೆ ತಕ್ಕ ಬೆಲೆ ತೆತ್ತು, ಆಪರೇಟರ್ ಕರೆದಾಗ ಎದ್ದು ಓಡಬೇಕಿತ್ತು.

ಈ ಸ್ಥಿತಿ ಬದಲಾದದ್ದು ಖಾಸಗಿ ಪೈಪೋಟಿಯಿಂದ ಎಂಬ ಪ್ರಚಲಿತ ನಂಬಿಕೆ ಅರ್ಧ ಮಾತ್ರ ಸರಿ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ, ಹವಾನಿಯಂತ್ರಣದ ಕೋಣೆಯಿಲ್ಲದೆ ಹಳ್ಳಿಯ ಧೂಳು ಸೆಕೆಗಳಲ್ಲೂ ಕೆಲಸ ಮಾಡಬಲ್ಲ 128 ಲೈನುಗಳ ಸಣ್ಣ ಎಕ್ಸ್‌ಚೇಂಜನ್ನು ರೂಪಿಸಿ, ಅದರ ಮೊದಲ ಘಟಕವನ್ನು 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲೇ ಚಾಲನೆಗೆ ತಂದಿತು. ಹಳ್ಳಿಗಾಡಿನ ದೂರವಾಣಿಗೆ ಅಡಿಪಾಯವಾದದ್ದು ಈ ಯಂತ್ರ. ಅದರ ಬೆನ್ನಿಗೇ ಬಂದ ಎಸ್‌ಟಿಡಿ ಬೂತುಗಳು ಸ್ವಂತ ಫೋನಿಲ್ಲದವನನ್ನೂ ಗಿರಾಕಿಯನ್ನಾಗಿ ಮಾಡಿದವು. ಮಾವಿಗೆ ಹೆಸರಾದ ಶ್ರೀನಿವಾಸಪುರಕ್ಕೂ ಟೊಮೆಟೊ ಮಂಡಿಗಳ ಕೋಲಾರಕ್ಕೂ ದೂರದ ಪೇಟೆಗಳ ಧಾರಣೆ ಅಂದಂದೇ ತಿಳಿಯುವುದು ಲಾಭನಷ್ಟದ ಪ್ರಶ್ನೆಯಾಗಿತ್ತು, ಏಕೆಂದರೆ ಮಾಗಿದ ಹಣ್ಣು ಅಂಚೆಗಾಗಿ ಕಾಯುವುದಿಲ್ಲ. ಆದರೆ ಬೂತಿನ ಮೀಟರು ದೂರವನ್ನು ಮರೆಯುತ್ತಿರಲಿಲ್ಲ: ಒಂದು ಕರೆಯ ದರಕ್ಕೆ ದೊರೆಯುವ ಕಾಲಾವಧಿಗೆ ಪಲ್ಸ್ ಎಂದು ಹೆಸರು, ಊರು ದೂರವಾದಷ್ಟೂ ಪಲ್ಸ್ ಗಿಡ್ಡವಾಗುತ್ತಿತ್ತು. ರಾತ್ರಿ 11ರ ನಂತರ ಕಾಲು ದರವೆಂಬ ಕಾರಣಕ್ಕೆ ಬೂತುಗಳ ಮುಂದೆ ಜನ ಸರಿರಾತ್ರಿಯಲ್ಲಿ ಸಾಲುಗಟ್ಟುತ್ತಿದ್ದರು.

1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯ ತರುವಾಯ ದೇಶವನ್ನು ವೃತ್ತಗಳಾಗಿ, ಅಂದರೆ ಹೆಚ್ಚುಕಡಿಮೆ ರಾಜ್ಯದಷ್ಟೇ ವಿಸ್ತಾರದ ಪರವಾನಗಿ ಪ್ರದೇಶಗಳಾಗಿ ಹಂಚಿ, ಪ್ರತಿ ವೃತ್ತದಲ್ಲೂ ಇಬ್ಬರಿಗೆ ಮೊಬೈಲ್ ಸೇವೆಯ ಹಕ್ಕನ್ನು ಹರಾಜು ಹಾಕಲಾಯಿತು. ಕರ್ನಾಟಕ ವೃತ್ತ ಜೆ.ಟಿ. ಮೊಬೈಲ್ಸ್ ಮತ್ತು ಸ್ಪೈಸ್ ಕಂಪನಿಗಳ ಪಾಲಾಯಿತು. ನಿಮಿಷಕ್ಕೆ 16 ರೂಪಾಯಿ ದಾಟುವ ದರಕ್ಕೂ ಅವಕಾಶವಿದ್ದು ಒಳಬರುವ ಕರೆಗೂ ಹಣ ತೆರಬೇಕಿದ್ದ ಆ ದಿನಗಳಲ್ಲಿ ಇದು ಬೆಂಗಳೂರಿನ ಉದ್ಯಮಿಗಳ ವಸ್ತುವೇ ಹೊರತು ಮುಳಬಾಗಿಲಿನ ರೈತನದಲ್ಲ. ಹರಾಜಿನಲ್ಲಿ ಕೂಗಿದ ಶುಲ್ಕವನ್ನು ಕಂಪನಿಗಳು ಕಟ್ಟಲಾರದೆ ಹೋದಾಗ 1999ರ ಹೊಸ ನೀತಿ ಅದನ್ನು ವರಮಾನದ ಪಾಲಾಗಿ ಮಾರ್ಪಡಿಸಿತು; ಅದೇ ವರ್ಷ ಜೆ.ಟಿ. ಮೊಬೈಲ್ಸ್ ಭಾರ್ತಿಯ ಕೈಸೇರಿ ಏರ್‌ಟೆಲ್ ಆಯಿತು. ಹೊಸ ಪರವಾನಗಿಯೊಂದಿಗೆ ಹಚ್, 2000ದ ಅಕ್ಟೋಬರ್ 1ರಂದು ಇಲಾಖೆಯಿಂದ ಕಂಪನಿಯಾಗಿ ರೂಪಾಂತರಗೊಂಡ ಬಿಎಸ್‌ಎನ್‌ಎಲ್, ಆಮೇಲೆ ರಿಲಯನ್ಸ್, ಟಾಟಾ ಕಣಕ್ಕಿಳಿದ ಮೇಲೆ ದರಗಳು ನಿಜವಾಗಿ ಕುಸಿದವು. 2003ರಲ್ಲಿ ಕರೆ ಮಾಡಿದವನೇ ಹಣ ಕೊಡಬೇಕೆಂಬ ನಿಯಮ ಬಂದು ಒಳಬರುವ ಕರೆ ಉಚಿತವಾದದ್ದು ಇಡೀ ಬೆಳವಣಿಗೆಯ ತಿರುವು. ಕರೆನ್ಸಿ ಹಾಕಿಸಲು ಕಾಸಿಲ್ಲದವನೂ ಫೋನು ಇಟ್ಟುಕೊಳ್ಳುವುದು ಆಗ ಸಾಧ್ಯವಾಯಿತು. ಅಂದಿನ ಸಂಖ್ಯೆಗಳು ಇಂದಿಗೂ ತಮ್ಮನ್ನು ಮೊದಲು ಹಂಚಿದ ಕಂಪನಿಯ ಗುರುತನ್ನು ಹೊತ್ತಿವೆ: 9844 ಸ್ಪೈಸ್, 9845 ಏರ್‌ಟೆಲ್, 9886 ಹಚ್, 9448 ಬಿಎಸ್‌ಎನ್‌ಎಲ್. ಬಿಎಸ್‌ಎನ್‌ಎಲ್‌ನ ಸ್ಥಿರ ದೂರವಾಣಿ ಸಂಖ್ಯೆಗಳ ಮುಂದೆ ಕಾಣುವ 2 ಕೂಡ ಇದೇ ಕಾಲದ್ದು. ಖಾಸಗಿ ಕಂಪನಿಗಳಿಗೆ ಬೇರೆ ಅಂಕಿಗಳನ್ನು ಮೀಸಲಿಡುವ ಸಲುವಾಗಿ ಸರ್ಕಾರಿ ಜಾಲಕ್ಕೆ ಇದನ್ನು ಕೊಡಲಾಯಿತು.

ಆದರೆ ವೃತ್ತವೆಂಬುದು ಹಳೆಯ ಗೆರೆಯ ಜಾಗದಲ್ಲಿ ಎಳೆದ ಹೊಸ ಗೆರೆ. ಮೊಬೈಲ್ ದರಪಟ್ಟಿಯಲ್ಲಿ ಶ್ರೀನಿವಾಸಪುರದಿಂದ ಬೀದರಿಗೆ ಮಾಡುವ ಕರೆ ಬರಬರುತ್ತ ವೃತ್ತದೊಳಗಿನದೇ ಆಯಿತು, ಗಡಿಯಾಚೆ ಪಕ್ಕದಲ್ಲೇ ಇರುವ ಆಂಧ್ರದ ಪುಂಗನೂರಿಗೆ ಮಾಡುವ ಕರೆ ಮಾತ್ರ ಎಸ್‌ಟಿಡಿಯಾಗಿ ಉಳಿಯಿತು. ಮುಳಬಾಗಿಲಿನವರು ಗಡಿಯ ನಂಗಲಿ ದಾಟಿ ಆಂಧ್ರದ ಪಲಮನೇರಿಗೆ ಹೋದರೆ, ಮಾಲೂರಿನವರು ತಮಿಳುನಾಡಿನ ಹೊಸೂರಿಗೆ ಹೋದರೆ, ಪರವೃತ್ತದ ಜಾಲವನ್ನು ಬಳಸಿದ್ದಕ್ಕೆ ರೋಮಿಂಗ್ ಶುಲ್ಕ ತೆರಬೇಕಾಗಿತ್ತು, ಅದೂ ಬಂದ ಕರೆಗಳಿಗೂ ಸೇರಿಸಿ. ಬಿಎಸ್‌ಎನ್‌ಎಲ್ 2006ರ ಮಾರ್ಚ್ 1ರಿಂದ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿಯ ಯೋಜನೆ ತಂದದ್ದೂ 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆಯ ಲೆಕ್ಕ ಹೂಡಿದ್ದೂ ಈ ಗೆರೆಯನ್ನು ತೆಳುಗೊಳಿಸಿದವು. ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಲ್ಲಿ ದೇಶದಾದ್ಯಂತ ಬಂದರೂ ಅದು ವೃತ್ತದೊಳಗೆ ಮಾತ್ರ ನಡೆಯುತ್ತಿತ್ತು. ಮದುವೆಯಾಗಿ ಗಡಿಯಾಚೆಗೆ ಹೋದ ಹೆಣ್ಣುಮಗಳು ತನ್ನ ಸಂಖ್ಯೆಯನ್ನು ಅಲ್ಲಿನ ವೃತ್ತಕ್ಕೆ ಒಯ್ಯಲು 2015ರ ಜುಲೈವರೆಗೆ ಕಾಯಬೇಕಾಯಿತು. 2016ರ ಸೆಪ್ಟೆಂಬರ್ 5ರಂದು ಮಾರುಕಟ್ಟೆಗಿಳಿದ ಜಿಯೊ ಕರೆಯನ್ನೂ ರೋಮಿಂಗನ್ನೂ ಬೆಲೆಯಿಲ್ಲದ್ದನ್ನಾಗಿ ಮಾಡಿ ಡೇಟಾಗೆ ಮಾತ್ರ ಹಣ ಕೇಳಿದಾಗ ನಂಗಲಿಯ ಗಡಿ ದೂರವಾಣಿಯ ಮಟ್ಟಿಗೆ ಇಲ್ಲವಾಯಿತು.

ಗೆರೆಗಳನ್ನು ಅಳಿಸಿದ ಪೈಪೋಟಿ ಪೈಪೋಟಿದಾರರನ್ನೂ ಅಳಿಸಿತು. ಸುಪ್ರೀಂ ಕೋರ್ಟು 2012ರ ಫೆಬ್ರವರಿ 2ರಂದು 122 ಮೊಬೈಲ್ ಪರವಾನಗಿಗಳನ್ನು ರದ್ದುಪಡಿಸಿದ್ದು ಮೊದಲ ಹೊಡೆತ; ನಂತರ ಏರ್‌ಸೆಲ್ ದಿವಾಳಿಯೆದ್ದಿತು, ಅನಿಲ್ ಅಂಬಾನಿಯ ರಿಲಯನ್ಸ್ ಮೊಬೈಲ್ ಸೇವೆ ನಿಲ್ಲಿಸಿತು, ಟಾಟಾದ ಮೊಬೈಲ್ ವ್ಯವಹಾರ ಏರ್‌ಟೆಲ್‌ನಲ್ಲಿ ಕರಗಿತು. ಸ್ಪೈಸ್ 2008ರಲ್ಲಿ ಐಡಿಯಾ ಕಂಪನಿಯ ಪಾಲಾಗಿ, ಹಚ್ ಕೈಬದಲಾಗಿ ವೊಡಾಫೋನ್ ಆಗಿ, ಕೊನೆಗೆ ಎರಡೂ 2018ರಲ್ಲಿ ಒಂದೇ ಕಂಪನಿಯಾದವು. ಹೀಗಾಗಿ 9844 ಮತ್ತು 9886 ಎಂಬ ಹಳೆಯ ಎದುರಾಳಿ ಸರಣಿಗಳು ಈಗ ಒಂದೇ ಮನೆಯವು. ಇತ್ತ 2019-20ರಲ್ಲಿ ಸುಮಾರು 78,500 ನೌಕರರು ಸ್ವಯಂನಿವೃತ್ತಿ ಪಡೆದ ಬಿಎಸ್‌ಎನ್‌ಎಲ್‌ಗೆ ಉಳಿದವರು ಹಳ್ಳಿಯ ತಂತಿಗಳನ್ನು ನೋಡಿಕೊಳ್ಳಲೂ ಸಾಲದಾದರು.

2024ರ ಜುಲೈನಲ್ಲಿ ಉಳಿದ ಮೂರೂ ಖಾಸಗಿ ಕಂಪನಿಗಳು ಬಹುತೇಕ ಏಕಕಾಲಕ್ಕೆ ದರ ಏರಿಸಿದಾಗ ದೇಶದಾದ್ಯಂತ ಲಕ್ಷಾಂತರ ಚಂದಾದಾರರು ಮರಳಿ ಬಿಎಸ್‌ಎನ್‌ಎಲ್ ಸಿಮ್ ಕೊಂಡರು. ಆ ಹೊತ್ತಿಗೂ ಅದರ 4ಜಿ ಜಾಲ ದೇಶದ ಹೆಚ್ಚಿನ ಕಡೆ ಸಿದ್ಧವಾಗಿರಲಿಲ್ಲ. ಸಿ-ಡಾಟ್ ರೂಪಿಸಿದ ತಂತ್ರಾಂಶ ಮತ್ತು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ತಯಾರಿಸಿದ ರೇಡಿಯೊ ಉಪಕರಣಗಳಿಂದ ಕಟ್ಟಿದ ಆ ಜಾಲ ಅಧಿಕೃತವಾಗಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಬಂದವರಲ್ಲಿ ಹಲವರು ಮತ್ತೆ ಹೊರಟುಹೋಗಿದ್ದರು.